ಹಡಗು ಹತ್ತುವ ಮುನ್ನ

ಶಾಲೆಯ ಓದು ಮುಗಿಸಿದ ಹುಡುಗನೋ ಹುಡುಗಿಯೋ ಮುಂದಿನ ವಿದ್ಯೆಗಾಗಿ ಕಡಲಾಚೆಗೆ ಹೊರಡುವುದು ಇಂದು ನಮ್ಮ ಊರುಗಳಲ್ಲಿ ಸೋಜಿಗದ ಸಂಗತಿಯಾಗಿ ಉಳಿದಿಲ್ಲ. ಹೊರಡುವವರ ಮನೆಯಲ್ಲಿ ಸಿದ್ಧತೆಯ ಮಾತು ಬಂದರೆ ಪಾಸ್‌ಪೋರ್ಟು, ವೀಸಾ, ಪ್ರವೇಶ ಪರೀಕ್ಷೆಯ ಅಂಕಗಳು, ಬ್ಯಾಂಕಿನ ಸಾಲ, ಉಣ್ಣೆಯ ಬಟ್ಟೆ, ಚಟ್ನಿಪುಡಿಯ ಡಬ್ಬಿ, ಇವೇ ಕಿವಿಗೆ ಬೀಳುತ್ತವೆ. ಇವೆಲ್ಲ ಬೇಕಾದುವೇ. ಆದರೆ ಈ ಪಯಣಕ್ಕೆ ನಮ್ಮ ದೇಶದಲ್ಲಿ ನೂರೈವತ್ತು ವರ್ಷಗಳಿಗೂ ಮೀರಿದ ಚರಿತ್ರೆಯಿದೆ. ಆ ಚರಿತ್ರೆಯನ್ನು ಓದುತ್ತ ಹೋದಂತೆ ನನಗೆ ಒಂದು ಮಾತು ಸ್ಪಷ್ಟವಾಗುತ್ತ ಬಂದಿದೆ. ಸಿದ್ಧತೆಯ ದೊಡ್ಡ ಪಾಲು ಪೆಟ್ಟಿಗೆಯೊಳಗೆ ಸೇರುವಂಥದಲ್ಲ. ಅದು ಹೊರಡುವವನಿಗೂ ಹಿಂದೆ ಉಳಿಯುವವರಿಗೂ ನಡುವೆ ಆಗುವ ಒಪ್ಪಂದ. ಕೆಲವೊಮ್ಮೆ ಅದು ಬಾಯಿಮಾತಿನಲ್ಲಿ ಆಗುತ್ತದೆ, ಕೆಲವೊಮ್ಮೆ ಆಣೆಯಲ್ಲಿ, ಕೆಲವೊಮ್ಮೆ ಸಹಿ ಹಾಕಿದ ಕಾಗದದಲ್ಲಿ. ನಮ್ಮ ಹಿರಿಯರು ಇದನ್ನು ಋಣವೆಂದು ಕರೆದರು. ಈ ಹೊತ್ತಿನ ನನ್ನ ಮಾತು ಆ ಋಣದ ಚರಿತ್ರೆಯನ್ನು ಕುರಿತದ್ದು.

ಕಡಲು ದಾಟುವುದು ನಮ್ಮ ಜನಕ್ಕೆ ಹೊಸತೇನಲ್ಲ. ಸಿಂಹಳಕ್ಕೂ ಜಾವಾ ಸುಮಾತ್ರಗಳಿಗೂ ನಮ್ಮ ವರ್ತಕರು, ಭಿಕ್ಷುಗಳು ಹೋಗಿ ಬಂದ ಕುರುಹುಗಳು ಇಂದಿಗೂ ಉಳಿದಿವೆ. ಆದರೆ ಧರ್ಮಶಾಸ್ತ್ರದ ದನಿ ಬೇರೆಯಾಗಿತ್ತು. ಬೌಧಾಯನ ಧರ್ಮಸೂತ್ರವು ಸಮುದ್ರಯಾನವನ್ನು ಮನುಷ್ಯನನ್ನು ಪತಿತನನ್ನಾಗಿಸುವ ಕರ್ಮಗಳ ಸಾಲಿನಲ್ಲಿ ಇರಿಸಿತು. ಅದೇ ಗ್ರಂಥ ಇನ್ನೊಂದೆಡೆ ಸಮುದ್ರಯಾನವು ಉತ್ತರದವರಲ್ಲಿ ರೂಢಿಯಲ್ಲಿರುವ ಆಚಾರವೆಂದೂ ಹೇಳುತ್ತದೆ. ಜನ ಹೋಗುತ್ತಿದ್ದುದರಿಂದಲೇ ಹೋಗಬಾರದೆಂದು ಹೇಳಬೇಕಾಯಿತೆಂದು ಕಾಣುತ್ತದೆ. ಮುಂದೆ ಮಧ್ಯಯುಗದ ನಿಬಂಧಕಾರರು ಕಲಿಯುಗದಲ್ಲಿ ಬಿಡಬೇಕಾದ ಆಚಾರಗಳನ್ನು ಪಟ್ಟಿ ಮಾಡಿದಾಗ, ಹಡಗಿನಲ್ಲಿ ಹೋಗಿ ಬಂದ ದ್ವಿಜನನ್ನು ಪ್ರಾಯಶ್ಚಿತ್ತವಾದ ಮೇಲೂ ಕೂಡಿಸಿಕೊಳ್ಳಬಾರದೆಂದು ವಿಧಿಸಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ಹೊಸ ವಿದ್ಯೆಗಾಗಿ ಹುಡುಗರು ಹೊರಟು ನಿಂತಾಗ, ಓಲೆಗರಿಯಲ್ಲಿ ಮಲಗಿದ್ದ ಈ ಮಾತು ಜಾತಿಯ ಪಂಚಾಯತಿಗಳ ಕೈಯಲ್ಲಿ ಆಯುಧವಾಯಿತು. ಬಹಿಷ್ಕಾರದ ಪೆಟ್ಟು ಹೊರಟವನಿಗಿಂತ ಹೆಚ್ಚಾಗಿ ತಾಗುತ್ತಿದ್ದುದು ಮನೆಯಲ್ಲಿ ಉಳಿದವರಿಗೆ. ಹುಡುಗ ಸಾವಿರಾರು ಮೈಲಿ ದೂರದಲ್ಲಿ ಇರುತ್ತಿದ್ದ. ಊರಿನಲ್ಲಿ ಪಂಕ್ತಿಭೋಜನ, ಮದುವೆಯ ಸಂಬಂಧ, ನೆಂಟರ ಹೋಗುಬರುವಿಕೆಗಳಿಗೆ ಉತ್ತರ ಹೇಳಬೇಕಾದವರು ತಂದೆ, ತಾಯಿ, ಅಣ್ಣಂದಿರು.

ಇಷ್ಟಿದ್ದೂ ಹೋಗಲೇಬೇಕಾದ ಒತ್ತಾಯವೊಂದಿತ್ತು. ಅದು ಜ್ಞಾನದ ಹಸಿವೊಂದೇ ಅಲ್ಲ, ಸರ್ಕಾರದ ಒಂದು ನಿಯಮ. ಸಿವಿಲ್ ಸರ್ವಿಸ್ ಹುದ್ದೆಗಳಿಗೆ ೧೮೫೫ರಲ್ಲಿ ಸ್ಪರ್ಧಾ ಪರೀಕ್ಷೆ ಪ್ರಾರಂಭವಾಯಿತು. ಜಾತಿ ಮತಗಳ ಅಡ್ಡಿಯಿಲ್ಲದೆ ಯಾರು ಬೇಕಾದರೂ ಕುಳಿತುಕೊಳ್ಳಬಹುದಾಗಿತ್ತು, ಆದರೆ ಲಂಡನ್ನಿನಲ್ಲಿ ಮಾತ್ರ. ಬಾಗಿಲು ತೆರೆದಿತ್ತು, ಬಾಗಿಲಿಗೂ ನಮಗೂ ನಡುವೆ ಸಮುದ್ರವಿತ್ತು. ಇದೇ ಪರೀಕ್ಷೆ ಭಾರತದಲ್ಲಿಯೂ ನಡೆಯಲು ೧೯೨೨ರವರೆಗೆ ಕಾಯಬೇಕಾಯಿತು. ಜೊತೆಗೆ ವಯಸ್ಸಿನ ಕಟ್ಟು. ಮೊದಲು ೨೩ ಇದ್ದ ಗರಿಷ್ಠ ವಯಸ್ಸು ಹಂತಹಂತವಾಗಿ ೨೧ಕ್ಕೆ ಇಳಿಯಿತು. ೧೮೭೬ರಲ್ಲಿ ಭಾರತಮಂತ್ರಿಯಾಗಿದ್ದ ಲಾರ್ಡ್ ಸಾಲಿಸ್‌ಬರಿ ಅದನ್ನು ೧೯ಕ್ಕೆ ಇಳಿಸಿದ. ಹತ್ತೊಂಬತ್ತರೊಳಗೆ ಪರೀಕ್ಷೆ ಗೆಲ್ಲಬೇಕಾದರೆ, ಲ್ಯಾಟಿನ್ ಗ್ರೀಕುಗಳನ್ನು ಕಲಿಯುವ ಕಾಲವನ್ನೂ ಸೇರಿಸಿಕೊಂಡು, ಹುಡುಗ ಹದಿನಾರು ಹದಿನೇಳರಲ್ಲಿಯೇ ಹಡಗು ಹತ್ತಬೇಕು. ಅಂದರೆ ಹೈಸ್ಕೂಲು ಮುಗಿದೊಡನೆ ಮನೆ ಬಿಡಬೇಕು. ಎಳೆಯ ವಯಸ್ಸಿನಲ್ಲಿ ವಿದೇಶಕ್ಕೆ ಹೊರಡುವ ಪದ್ಧತಿಯ ಬೇರುಗಳಲ್ಲಿ ಈ ನಿಯಮವೂ ಒಂದು.

ಮೊದಲು ಈ ದಾರಿ ತುಳಿದವರು ಬಂಗಾಳದವರು. ೧೮೬೨ರಲ್ಲಿ ಸತ್ಯೇಂದ್ರನಾಥ ಠಾಕೂರ್ ಹಾಗೂ ಮನಮೋಹನ ಘೋಷ್ ಜೊತೆಯಾಗಿ ಹೊರಟರು. ಮರುವರ್ಷ ಸತ್ಯೇಂದ್ರನಾಥರು ಆಯ್ಕೆಯಾದ ಮೊದಲ ಭಾರತೀಯರೆನಿಸಿದರು. ಮನಮೋಹನರಿಗೆ ಎರಡು ಬಾರಿಯೂ ಪರೀಕ್ಷೆ ಕೈಗೂಡಲಿಲ್ಲ. ಆ ನಡುವೆ ಸಂಸ್ಕೃತ ಮತ್ತು ಅರಬ್ಬಿ ಭಾಷೆಗಳಿಗೆ ಇದ್ದ ಅಂಕಗಳನ್ನೇ ಕಡಿಮೆ ಮಾಡಿದ್ದರು. ಊರಿನಲ್ಲಿ ಮಾಡಿಕೊಂಡು ಹೋದ ಸಿದ್ಧತೆಯನ್ನು ಅಲ್ಲಿಯವರು ಒಂದು ಆಜ್ಞೆಯಿಂದ ಹಗುರ ಮಾಡಬಲ್ಲರೆಂಬ ಪಾಠ ಆಗಲೇ ದೊರೆಯಿತು.

೧೮೬೮ರ ಮಾರ್ಚ್ ೩ರಂದು ಮೂವರು ತರುಣರು ಕಲ್ಕತ್ತೆಯನ್ನು ಬಿಟ್ಟರು: ಸುರೇಂದ್ರನಾಥ ಬ್ಯಾನರ್ಜಿ, ರಮೇಶಚಂದ್ರ ದತ್ತ, ಬಿಹಾರಿಲಾಲ್ ಗುಪ್ತ. ಸುಯೆಜ್ ಕಾಲುವೆ ತೆರೆದದ್ದು ೧೮೬೯ರ ಕೊನೆಗೆ. ಆದ್ದರಿಂದ ಆಗಿನ ಪಯಣಿಗರು ಸುಯೆಜ್‌ನಲ್ಲಿ ಇಳಿದು, ಈಜಿಪ್ಟಿನ ನೆಲವನ್ನು ರೈಲಿನಲ್ಲಿ ದಾಟಿ, ಮತ್ತೆ ಹಡಗು ಹಿಡಿಯಬೇಕಾಗಿತ್ತು. ಈ ಮೂವರ ಸಿದ್ಧತೆ ನಡೆದದ್ದು ಗುಟ್ಟಿನಲ್ಲಿ, ಏನೋ ಒಳಸಂಚು ನಡೆಸುವವರಂತೆ. ದತ್ತರೂ ಗುಪ್ತರೂ ಮನೆಯವರಿಗೆ ಹೇಳದೆಯೇ ಹೊರಟವರು. ಸುರೇಂದ್ರನಾಥರ ತಂದೆ ದುರ್ಗಾಚರಣರು ವೈದ್ಯರು, ಮಗನ ಬೆನ್ನಿಗೆ ನಿಂತವರು. ತಾಯಿಗೆ ಮಾತ್ರ ಸುದ್ದಿಯನ್ನು ಕೊನೆಯ ಘಳಿಗೆಯವರೆಗೆ ಮುಚ್ಚಿಟ್ಟಿದ್ದರು. ಕೇಳಿದೊಡನೆ ಆಕೆ ಮೂರ್ಛೆ ಹೋದರೆಂದು ಮಗನೇ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ.

ಮೂವರೂ ೧೮೬೯ರ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಆದರೆ ಸುರೇಂದ್ರನಾಥರ ಹೆಸರನ್ನು ಪಟ್ಟಿಯಿಂದ ತೆಗೆದುಹಾಕಿದರು. ಕಾರಣ ವಯಸ್ಸು. ಕಲ್ಕತ್ತೆಯ ಮೆಟ್ರಿಕ್ಯುಲೇಷನ್ ಪರೀಕ್ಷೆಗೆ ಕುಳಿತಾಗ ಅವರು ಹದಿನಾರು ಎಂದು ಬರೆಸಿದ್ದರು. ಕನ್ನಡದಲ್ಲಿ ನಾವು ವಯಸ್ಸು ‘ನಡೆಯುತ್ತಿದೆ’ ಎನ್ನುತ್ತೇವೆ, ‘ತುಂಬಿತು’ ಎಂದೂ ಎನ್ನುತ್ತೇವೆ. ಎರಡಕ್ಕೂ ಒಂದು ವರ್ಷದ ಅಂತರವಿದೆ. ಬಂಗಾಳದ ರೂಢಿಯಲ್ಲಿಯೂ ಹಾಗೆಯೇ. ಹುಡುಗನಿಗೆ ಹದಿನಾರು ನಡೆಯುತ್ತಿತ್ತು. ಲಂಡನ್ನಿನ ಅಧಿಕಾರಿಗಳು ಹದಿನಾರು ತುಂಬಿತ್ತೆಂದು ಓದಿದರು. ಮುಂಬಯಿಯ ಶ್ರೀಪಾದ ಬಾಬಾಜಿ ಠಾಕೂರರಿಗೂ ಇದೇ ಗತಿಯಾಯಿತು. ವಿಷಯ ಕ್ವೀನ್ಸ್ ಬೆಂಚ್ ನ್ಯಾಯಾಲಯದವರೆಗೆ ಹೋಗಿ, ಕೊನೆಗೆ ಇಬ್ಬರ ಹೆಸರೂ ಪಟ್ಟಿಗೆ ಮರಳಿತು. ಆದರೆ ಅಷ್ಟು ಹೊತ್ತಿಗೆ, ೧೮೭೦ರಲ್ಲಿ, ದುರ್ಗಾಚರಣರು ಊರಿನಲ್ಲಿ ತೀರಿಕೊಂಡಿದ್ದರು. ಮಗನನ್ನು ಕಳಿಸಿದ ತಂದೆ ಮಗ ಮರಳಿದ್ದನ್ನು ಕಾಣಲಿಲ್ಲ.

ಈ ಸುರೇಂದ್ರನಾಥರೇ ಮುಂದೆ ಸೇವೆಯಿಂದ ವಜಾ ಆಗಿ, ೧೮೭೭-೭೮ರಲ್ಲಿ ವಯಸ್ಸಿನ ಮಿತಿಯನ್ನು ಹತ್ತೊಂಬತ್ತಕ್ಕೆ ಇಳಿಸಿದುದರ ವಿರುದ್ಧ ಜನಾಭಿಪ್ರಾಯ ಮೂಡಿಸಲು ದೇಶ ಸುತ್ತಿದರು. ೧೮೮೫ರ ಮೊದಲ ಕಾಂಗ್ರೆಸ್ ಅಧಿವೇಶನದ ಬೇಡಿಕೆಗಳಲ್ಲಿ ಪರೀಕ್ಷೆಯನ್ನು ಭಾರತದಲ್ಲಿಯೂ ನಡೆಸಬೇಕು, ವಯಸ್ಸಿನ ಮಿತಿಯನ್ನು ಏರಿಸಬೇಕು ಎಂಬುದೂ ಸೇರಿತ್ತು. ಶಾಲೆ ಮುಗಿಸಿದ ಹುಡುಗ ಯಾವ ವಯಸ್ಸಿನಲ್ಲಿ ಮನೆ ಬಿಡಬೇಕೆಂಬ ಪ್ರಶ್ನೆ ನಮ್ಮ ರಾಷ್ಟ್ರೀಯ ಚಳವಳಿಯ ಮೊದಲ ಪ್ರಶ್ನೆಗಳಲ್ಲಿ ಒಂದಾಗಿತ್ತೆಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

ಆ ನಿಯಮದ ಕಾಲದಲ್ಲಿಯೇ ಕೃಷ್ಣಧನ ಘೋಷ್ ಎಂಬ ವೈದ್ಯರು ತಮ್ಮ ಮೂವರು ಗಂಡುಮಕ್ಕಳನ್ನು ೧೮೭೯ರಲ್ಲಿ ಇಂಗ್ಲೆಂಡಿಗೆ ಕರೆದೊಯ್ದು ಮ್ಯಾಂಚೆಸ್ಟರಿನ ಒಂದು ಕುಟುಂಬದಲ್ಲಿ ಬಿಟ್ಟು ಬಂದರು. ಕಿರಿಯವನಿಗೆ ಏಳು ವರ್ಷ. ಆತನೇ ಮುಂದೆ ಶ್ರೀ ಅರವಿಂದರಾದರು. ಮಕ್ಕಳಿಗೆ ಭಾರತದ ಸೋಂಕೇ ತಗಲಬಾರದೆಂಬುದು ತಂದೆಯ ಅಪ್ಪಣೆ. ಸಿದ್ಧತೆಯೆಂದರೆ ಮನೆಯನ್ನು ಮರೆಸುವುದೇ ಎಂದು ಅವರು ನಂಬಿದ್ದರು. ಹದಿನಾಲ್ಕು ವರ್ಷಗಳ ಬಳಿಕ ಮಗ ಹೊರಡುವ ಹೊತ್ತಿಗೆ, ಅವನಿದ್ದಾನೆಂದು ತಿಳಿದಿದ್ದ ಹಡಗು ಮುಳುಗಿದ ಸುದ್ದಿ ಬಂದು, ತಂದೆ ಆ ಆಘಾತದಿಂದಲೇ ೧೮೯೨ರಲ್ಲಿ ತೀರಿಕೊಂಡರು. ಮಗ ಬೇರೆ ಹಡಗಿನಲ್ಲಿ ೧೮೯೩ರಲ್ಲಿ ಸುರಕ್ಷಿತವಾಗಿ ಬಂದಿಳಿದ. ಮರೆಸಲು ಹೊರಟ ತಂದೆಗೆ ಮಗನ ಮೇಲಿನ ಪ್ರೀತಿಯನ್ನು ತಾನು ಮರೆಯುವುದು ಸಾಧ್ಯವಾಗಲಿಲ್ಲ.

ಹೆಣ್ಣುಮಕ್ಕಳ ಮಾತು ಇನ್ನೂ ಕಠಿಣ. ಆನಂದೀಬಾಯಿ ಜೋಶಿಯವರು ಅಮೆರಿಕಕ್ಕೆ ವೈದ್ಯವಿದ್ಯೆ ಕಲಿಯಲು ಹೊರಟದ್ದು ೧೮೮೩ರ ಏಪ್ರಿಲಿನಲ್ಲಿ, ಕಲ್ಕತ್ತೆಯಿಂದ. ಆಕೆಗೆ ಆಗ ಹದಿನೆಂಟು ತುಂಬಿತ್ತಷ್ಟೆ. ಹುಟ್ಟಿದ ಕೆಲವೇ ದಿನಗಳಲ್ಲಿ ತೀರಿಹೋದ ಮಗುವಿನ ನೆನಪು ಅವರ ಹಿಂದಿತ್ತು. ಹೊರಡುವ ಮುನ್ನ, ಫೆಬ್ರವರಿಯಲ್ಲಿ, ಸೆರಾಂಪುರದ ಸಭೆಯೊಂದರಲ್ಲಿ ಆಕೆ ಎದ್ದು ನಿಂತು, ತಾನು ಏಕೆ ಹೋಗುತ್ತೇನೆ, ಇಲ್ಲಿಯೇ ಏಕೆ ಕಲಿಯಲಾರೆ, ಒಬ್ಬಳೇ ಏಕೆ ಹೋಗುತ್ತೇನೆ, ಮರಳಿದಾಗ ಬಹಿಷ್ಕಾರ ಹಾಕಿದರೆ ಏನು ಮಾಡುತ್ತೇನೆ ಎಂದು ಒಂದೊಂದೇ ಪ್ರಶ್ನೆಯನ್ನು ತಾನೇ ಎತ್ತಿಕೊಂಡು ಉತ್ತರ ಹೇಳಿದರು. ಹಿಂದುವಾಗಿಯೇ ಹೋಗಿ ಹಿಂದುವಾಗಿಯೇ ಮರಳುವೆನೆಂದು ಮಾತು ಕೊಟ್ಟರು. ಗುಟ್ಟಿನಲ್ಲಿ ಹೊರಟ ಗಂಡುಹುಡುಗರ ಪಕ್ಕದಲ್ಲಿ ಈ ಬಹಿರಂಗದ ಮಾತನ್ನು ಇಟ್ಟು ನೋಡಬೇಕು. ಕೊಟ್ಟ ಮಾತನ್ನು ಆಕೆ ಸೀರೆಯಲ್ಲಿಯೂ ಊಟದಲ್ಲಿಯೂ ಉಳಿಸಿಕೊಂಡರು. ೧೮೮೬ರ ಮಾರ್ಚಿನಲ್ಲಿ ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಿಂದ ಪದವಿ ಬಂತು. ಕೊಲ್ಲಾಪುರದ ಆಸ್ಪತ್ರೆಯಲ್ಲಿ ಹುದ್ದೆ ಕಾದಿತ್ತು. ಆದರೆ ಕ್ಷಯ ಆಕೆಯ ದೇಹವನ್ನು ಹಿಡಿದಿತ್ತು. ೧೮೮೭ರ ಫೆಬ್ರವರಿಯಲ್ಲಿ ಪುಣೆಯಲ್ಲಿ, ಇಪ್ಪತ್ತೆರಡು ತುಂಬುವ ಮೊದಲೇ, ತೀರಿಕೊಂಡರು. ಅವರ ಚಿತಾಭಸ್ಮ ನ್ಯೂಯಾರ್ಕ್ ರಾಜ್ಯದಲ್ಲಿ, ಅವರನ್ನು ಮಗಳಂತೆ ಕಂಡ ಕಾರ್ಪೆಂಟರ್ ಕುಟುಂಬದ ಸ್ಮಶಾನದಲ್ಲಿದೆ. ಮನಸ್ಸು ಎಲ್ಲಕ್ಕೂ ಸಿದ್ಧವಾಗಿತ್ತು. ದೇಹವನ್ನು ಸಿದ್ಧಪಡಿಸುವ ಬಗೆಯನ್ನು ಆಗ ಬಲ್ಲವರಿರಲಿಲ್ಲ.

ಅದೇ ೧೮೮೭ರ ನವೆಂಬರಿನಲ್ಲಿ ಕಾಠಿಯಾವಾಡದ ಹುಡುಗನೊಬ್ಬ ರಾಜಕೋಟೆಯಿಂದ ಅಹಮದಾಬಾದಿಗೆ ಒಬ್ಬನೇ ಹೋಗಿ ಮೆಟ್ರಿಕ್ಯುಲೇಷನ್ ಪರೀಕ್ಷೆಗೆ ಕುಳಿತ. ಮೋಹನದಾಸ ಗಾಂಧಿಯವರ ಪಯಣದ ಕಥೆ ನಮಗೆಲ್ಲ ಗೊತ್ತಿರುವುದೇ. ಆದರೂ ಅದನ್ನು ಮಹಾತ್ಮರ ಕಥೆಯೆಂದು ಓದದೆ, ಶಾಲೆ ಮುಗಿಸಿದ ಒಬ್ಬ ಹುಡುಗನನ್ನು ಸಾಲ ಸೋಲ ಮಾಡಿ ವಿದೇಶಕ್ಕೆ ಕಳಿಸಿದ ಒಂದು ಮಧ್ಯಮ ಮನೆತನದ ಕಥೆಯೆಂದು ಓದಿದರೆ, ಬೇರೆಯೇ ಬೆಳಕು ಬೀಳುತ್ತದೆ. ತಂದೆ ತೀರಿಹೋಗಿದ್ದರು. ಭಾವನಗರದ ಸಾಮಲದಾಸ ಕಾಲೇಜಿಗೆ ಸೇರಿದ ಹುಡುಗನಿಗೆ ಅಲ್ಲಿಯ ಪಾಠಗಳು ತಲೆಗೆ ಹತ್ತಲಿಲ್ಲ. ಮೊದಲ ಅವಧಿ ಮುಗಿದೊಡನೆ ಮನೆಗೆ ಬಂದ. ಆಗ ಕುಟುಂಬದ ಹಿತೈಷಿ ಮಾವಜಿ ದವೆಯವರು ಲೆಕ್ಕ ಬಿಡಿಸಿ ಹೇಳಿದರು. ಬಿ.ಎ. ಆಗಲು ನಾಲ್ಕೈದು ವರ್ಷ. ಆದರೂ ದೊರೆಯುವುದು ಅರುವತ್ತು ರೂಪಾಯಿಯ ನೌಕರಿ, ತಂದೆಯ ದಿವಾನಗಿರಿಯಲ್ಲ. ಇಂಗ್ಲೆಂಡಿಗೆ ಹೋದರೆ ಮೂರು ವರ್ಷದಲ್ಲಿ ಬ್ಯಾರಿಸ್ಟರಾಗಿ ಬರಬಹುದು. ಖರ್ಚು ನಾಲ್ಕೈದು ಸಾವಿರ ಮೀರದು.

ಬ್ಯಾರಿಸ್ಟರ್ ಆಗಲು ಪದವಿ ಬೇಕಾಗಿರಲಿಲ್ಲವೆಂಬುದೇ ಈ ಲೆಕ್ಕದ ಕೀಲಿ. ಲಂಡನ್ನಿನ ನ್ಯಾಯವಾದಿಗಳ ‘ಇನ್’ ಒಂದಕ್ಕೆ ಸೇರಿ, ಸುಮಾರು ಮೂರು ವರ್ಷಗಳಲ್ಲಿ ಹನ್ನೆರಡು ಅವಧಿಗಳನ್ನು ಪೂರೈಸಬೇಕು. ಪೂರೈಸುವುದೆಂದರೆ ಪ್ರತಿ ಅವಧಿಯಲ್ಲಿ ಗೊತ್ತಾದಷ್ಟು ಔತಣಗಳಿಗೆ ಹಾಜರಾಗುವುದು. ಆಮೇಲೆ ರೋಮನ್ ನ್ಯಾಯಶಾಸ್ತ್ರ, ಇಂಗ್ಲಿಷ್ ನ್ಯಾಯಶಾಸ್ತ್ರ ಎಂದು ಎರಡು ಪರೀಕ್ಷೆ. ಮೆಟ್ರಿಕ್ಯುಲೇಷನ್ ಮುಗಿಸಿದ ಹುಡುಗನಿಗೆ ಇದಕ್ಕಿಂತ ಹತ್ತಿರದ ಹಾದಿ ಇರಲಿಲ್ಲ. ಹುಡುಗನಿಗೆ ವೈದ್ಯನಾಗುವ ಆಸೆಯಿತ್ತು. ವೈಷ್ಣವರು ಹೆಣ ಕೊಯ್ಯಬಾರದೆಂಬುದು ತಂದೆಯ ಅಭಿಪ್ರಾಯವಾಗಿತ್ತೆಂದು ಅಣ್ಣ ನೆನಪಿಸಿದರು. ಏನು ಓದಬೇಕೆಂಬುದನ್ನೂ ಮನೆಯೇ ನಿರ್ಧರಿಸಿತು. ಈ ಒಂದು ಮಾತಿನಲ್ಲಿ ಕಾಲ ಅಷ್ಟೇನೂ ಬದಲಾಗಿಲ್ಲ.

ಇನ್ನು ಹಣ. ಪೋರಬಂದರಿನಲ್ಲಿದ್ದ ಚಿಕ್ಕಪ್ಪನ ಒಪ್ಪಿಗೆ ಕೇಳಲು ಹುಡುಗ ಧೋರಾಜಿಯವರೆಗೆ ಎತ್ತಿನ ಗಾಡಿಯಲ್ಲಿಯೂ ಅಲ್ಲಿಂದ ಮುಂದೆ ಒಂದು ದಿನ ಉಳಿಸಲೆಂದು ಒಂಟೆಯ ಮೇಲೆಯೂ ಹೋದ. ಚಿಕ್ಕಪ್ಪ ತಾವಾಗಿ ಒಪ್ಪಿಗೆ ಕೊಡಲಿಲ್ಲ, ಅಡ್ಡಿಯನ್ನೂ ಮಾಡಲಿಲ್ಲ. ತಾಯಿಯ ಮಾತೇ ಮುಖ್ಯವೆಂದರು. ಸಂಸ್ಥಾನದ ಆಡಳಿತ ನೋಡುತ್ತಿದ್ದ ಲೇಲಿ ಎಂಬ ಆಂಗ್ಲ ಅಧಿಕಾರಿಯನ್ನು ವಿದ್ಯಾರ್ಥಿವೇತನಕ್ಕಾಗಿ ಕಾಣಲು ಹುಡುಗ ಮಾತುಗಳನ್ನು ಬಾಯಿಪಾಠ ಮಾಡಿಕೊಂಡು ಹೋಗಿದ್ದ. ಮೆಟ್ಟಿಲೇರುತ್ತಿದ್ದ ಅಧಿಕಾರಿ, ಮೊದಲು ಬಿ.ಎ. ಮಾಡಿ ಬಾ, ಈಗ ನೆರವಿಲ್ಲ ಎಂದು ಹೇಳಿ ನಡೆದುಬಿಟ್ಟ. ಹೆಂಡತಿಯ ಒಡವೆಗಳನ್ನು ಮಾರಿದರೆ ಎರಡು ಮೂರು ಸಾವಿರ ಬರಬಹುದೆಂದು ಹುಡುಗ ಸೂಚಿಸಿದ. ಕೊನೆಗೆ ಅಣ್ಣ ಲಕ್ಷ್ಮೀದಾಸರು ಹೇಗಾದರೂ ಹಣ ಹೊಂದಿಸುತ್ತೇನೆಂದರು. ಒಡವೆಯ ಮಾತು ಬಂದಾಗ ಕಸ್ತೂರಬಾ ಅವರನ್ನು ಯಾರಾದರೂ ಕೇಳಿದರೇ ಎಂಬುದಕ್ಕೆ ಈ ಕಥನದಲ್ಲಿ ಉತ್ತರವಿಲ್ಲ. ಕೆಲವೇ ತಿಂಗಳ ಹಸುಗೂಸನ್ನು ಎತ್ತಿಕೊಂಡು ಮೂರು ವರ್ಷ ಕಾಯಬೇಕಾಗಿದ್ದವರು ಅವರು. ಇಂಥ ಪಯಣಗಳ ಲೆಕ್ಕಪತ್ರದಲ್ಲಿ ಜಮೆಯಾಗದ ಸಾಲಗಳೂ ಇರುತ್ತವೆ.

ತಾಯಿ ಪುತಲೀಬಾಯಿಯವರ ಭಯ ಬೇರೆ ಬಗೆಯದು. ಅಲ್ಲಿಗೆ ಹೋದ ಹುಡುಗರು ಮಾಂಸ ತಿನ್ನುತ್ತಾರೆ, ಹೆಂಡ ಕುಡಿಯುತ್ತಾರೆ, ಕೆಡುತ್ತಾರೆ ಎಂದು ಅವರಿಗೆ ಜನ ಹೇಳಿದ್ದರು. ಮೋಢ ಬನಿಯಾ ಜಾತಿಯಲ್ಲಿಯೇ ಹುಟ್ಟಿ ಜೈನ ಸಾಧುವಾಗಿದ್ದ ಬೇಚರಜಿ ಸ್ವಾಮಿಗಳು ಹುಡುಗನಿಂದ ಮದ್ಯ, ಮಾಂಸ, ಪರಸ್ತ್ರೀ ಈ ಮೂರನ್ನೂ ಮುಟ್ಟುವುದಿಲ್ಲವೆಂದು ಆಣೆ ಮಾಡಿಸಿದರು. ತಾಯಿ ಒಪ್ಪಿದರು. ಜುಲೈ ತಿಂಗಳಲ್ಲಿ ಹೈಸ್ಕೂಲಿನವರು ಬೀಳ್ಕೊಡುಗೆ ಏರ್ಪಡಿಸಿದಾಗ, ಹುಡುಗ ಬರೆದುಕೊಂಡು ಹೋಗಿದ್ದ ನಾಲ್ಕು ಮಾತುಗಳನ್ನು ತೊದಲುತ್ತ ಓದಿ ಮುಗಿಸಿದ.

ಆಗಸ್ಟಿನಲ್ಲಿ ಮುಂಬಯಿಗೆ ಬಂದರೆ ಅಲ್ಲಿ ಹೊಸ ಅಡ್ಡಿ. ಮಳೆಗಾಲದಲ್ಲಿ ಕಡಲು ಒರಟೆಂದು ಸ್ನೇಹಿತರು ಹೇಳಿದ್ದರಿಂದ ಅಣ್ಣ ತಮ್ಮನನ್ನು ಅಲ್ಲಿ ಬಿಟ್ಟು, ಹಣವನ್ನು ಭಾವನ ಬಳಿ ಇರಿಸಿ, ಊರಿಗೆ ಹೋದರು. ಈ ನಡುವೆ ಮೋಢ ಬನಿಯಾ ಜಾತಿಯವರು ಸಭೆ ಸೇರಿಸಿ ಹುಡುಗನನ್ನು ಕರೆಸಿದರು. ಅವರ ಜಾತಿಯಲ್ಲಿ ಅಲ್ಲಿಯವರೆಗೆ ಯಾರೂ ವಿಲಾಯತಿಗೆ ಹೋಗಿರಲಿಲ್ಲ. ಮುಖ್ಯಸ್ಥರಾದ ಸೇಠರು ತಂದೆಯ ಸ್ನೇಹಿತರೇ. ತಾಯಿಗೆ ಆಣೆ ಕೊಟ್ಟಿದ್ದೇನೆ, ಈ ವಿಷಯದಲ್ಲಿ ಜಾತಿ ಅಡ್ಡ ಬರಬಾರದು ಎಂದು, ಬೀಳ್ಕೊಡುಗೆಯಲ್ಲಿ ತೊದಲಿದ್ದ ಹುಡುಗ ಇಲ್ಲಿ ತೊದಲದೆ ಹೇಳಿದ. ಸೇಠರು ಬಹಿಷ್ಕಾರ ವಿಧಿಸಿದರು. ಇವನಿಗೆ ನೆರವಾದವರಿಗೆ, ಬಂದರಿಗೆ ಹೋಗಿ ಬೀಳ್ಕೊಟ್ಟವರಿಗೆ ಒಂದು ರೂಪಾಯಿ ನಾಲ್ಕಾಣೆ ದಂಡ. ಭಾವನಿಗೆ ಭಯವಾಗಿ ಹಣ ಕೊಡಲಿಲ್ಲ. ಕುಟುಂಬದ ಸ್ನೇಹಿತರೊಬ್ಬರ ಕೈಯಲ್ಲಿ, ಅಣ್ಣನಿಂದ ವಸೂಲು ಮಾಡಿಕೊಳ್ಳಿರೆಂದು ಹೇಳಿ ಸಾಲ ತೆಗೆದು, ಹುಡುಗ ಟಿಕೆಟ್ಟು ಕೊಂಡ. ೧೮೮೮ರ ಸೆಪ್ಟೆಂಬರ್ ೪ರಂದು ‘ಕ್ಲೈಡ್’ ಹಡಗು ಹೊರಟಿತು.

ಪೆಟ್ಟಿಗೆಯಲ್ಲಿ ಏನಿತ್ತೆಂಬುದನ್ನೂ ನೋಡೋಣ. ಮನೆಯಿಂದ ತಂದ ಸಿಹಿತಿಂಡಿ, ಹಣ್ಣು. ಹಡಗಿನ ಊಟದ ಮೇಜಿಗೆ ಹೋಗಲು ನಾಚಿಕೆಯಾಗಿ ಇವುಗಳ ಮೇಲೆಯೇ ದಿನ ಕಳೆಯಿತು. ಇಳಿಯುವಾಗ ತೊಡಲೆಂದು ಕಾದಿರಿಸಿದ್ದ ಬಿಳಿಯ ಫ್ಲಾನೆಲ್ ಉಡುಪು. ಸೆಪ್ಟೆಂಬರ್ ಕೊನೆಯ ಇಂಗ್ಲೆಂಡಿನಲ್ಲಿ ಅಂಥ ಬಟ್ಟೆ ತೊಟ್ಟವನು ತಾನೊಬ್ಬನೇ ಎಂದು ಇಳಿದ ಮೇಲೆ ತಿಳಿಯಿತು. ನಾಲ್ಕು ಪರಿಚಯಪತ್ರಗಳಿದ್ದುವು; ಅವುಗಳಲ್ಲಿ ಒಂದು ದಾದಾಭಾಯಿ ನವರೋಜಿಯವರಿಗೆ. ಮಾಂಸ ತಿಂದಿಲ್ಲವೆಂಬುದಕ್ಕೆ ಸಹಪ್ರಯಾಣಿಕನಿಂದ ಬರೆಸಿಕೊಂಡ ಪ್ರಮಾಣಪತ್ರವೂ ಕೊನೆಗೆ ಸೇರಿಕೊಂಡಿತು. ಇವುಗಳಲ್ಲಿ ಬಹುಪಾಲು ನಿರುಪಯೋಗಿಯಾದುವು. ಊರಿನ ಮೆಟ್ರಿಕ್ಯುಲೇಷನ್ ಸಾಲದೆಂದು ತೋರಿ, ಲಂಡನ್ನಿನ ಮೆಟ್ರಿಕ್ಯುಲೇಷನ್ನಿಗೆ ಕಟ್ಟಿ, ಮೊದಲ ಸಲ ಲ್ಯಾಟಿನ್ನಿನಲ್ಲಿ ನಪಾಸಾಗಿ, ೧೮೯೦ರಲ್ಲಿ ಗೆದ್ದದ್ದೂ ಉಂಟು. ಉಪಯೋಗಕ್ಕೆ ಬಂದದ್ದು ಪೆಟ್ಟಿಗೆಯಲ್ಲಿ ಇಲ್ಲದ ಆ ಮೂರು ಆಣೆಗಳು. ಆಣೆಯ ದೆಸೆಯಿಂದ ಹಸಿವಾಯಿತು. ಹಸಿವಿನಿಂದ ಸಸ್ಯಾಹಾರದ ಊಟದ ಮನೆ ಹುಡುಕಬೇಕಾಯಿತು. ಅಲ್ಲಿ ಪುಸ್ತಕ ಸಿಕ್ಕಿತು, ಸ್ನೇಹಿತರು ಸಿಕ್ಕರು, ಸಂಘದಲ್ಲಿ ದುಡಿಯುವ ಮೊದಲ ಅಭ್ಯಾಸ ಸಿಕ್ಕಿತು. ಬ್ಯಾರಿಸ್ಟರ್ ಓದು ಕಲಿಸದಿದ್ದುದನ್ನು ತಾಯಿಗೆ ಕೊಟ್ಟ ಮಾತು ಕಲಿಸಿತು.

೧೮೯೧ರ ಜೂನ್ ೧೦ರಂದು ಅವರು ಬ್ಯಾರಿಸ್ಟರ್ ಆದರು. ೧೨ರಂದೇ ಹಡಗು ಹತ್ತಿದರು. ಮುಂಬಯಿಯಲ್ಲಿ ಇಳಿದಾಗ ಅಣ್ಣ ಒಂದು ಸುದ್ದಿ ಹೇಳಿದರು: ತಾಯಿ ತೀರಿಕೊಂಡಿದ್ದಾರೆ. ದೂರದಲ್ಲಿ ದುಃಖಪಡಬಾರದೆಂದು ಬರೆದಿರಲಿಲ್ಲ. ದುರ್ಗಾಚರಣರು, ಕೃಷ್ಣಧನರು, ಪುತಲೀಬಾಯಿ: ಕಳಿಸಿದವರು ಮೂವರೂ ಮರಳಿದವರನ್ನು ಕಾಣಲಿಲ್ಲ. ಉಳಿಯುವವರ ಆಯುಸ್ಸಿನ ಮೇಲೆ ಯಾರ ಹಿಡಿತವೂ ಇಲ್ಲ. ಆದ್ದರಿಂದಲೇ ಹೊರಡುವ ಮುನ್ನ ಆಡಿದ ಮಾತಿಗೆ ಅಷ್ಟು ಬೆಲೆ. ಎಷ್ಟೋ ಮನೆಗಳಲ್ಲಿ ಅದೇ ಕೊನೆಯ ಮಾತು.

ಮರಳಿದ ತಮ್ಮನನ್ನು ಅಣ್ಣ ನಾಸಿಕಕ್ಕೆ ಕರೆದೊಯ್ದು ತೀರ್ಥಸ್ನಾನ ಮಾಡಿಸಿ, ರಾಜಕೋಟೆಯಲ್ಲಿ ಜಾತಿಯವರಿಗೆ ಊಟ ಹಾಕಿಸಿದರು. ಒಂದು ಪಂಗಡ ಸೇರಿಸಿಕೊಂಡಿತು, ಇನ್ನೊಂದು ಸೇರಿಸಿಕೊಳ್ಳಲಿಲ್ಲ. ತಮ್ಮ ದೊಡ್ಡ ಬ್ಯಾರಿಸ್ಟರಾಗಿ ಮನೆಯನ್ನು ಎತ್ತುವನೆಂದು ಅಣ್ಣ ಕಟ್ಟಿದ್ದ ಆಸೆ ಮುಂಬಯಿಯಲ್ಲಿಯೂ ರಾಜಕೋಟೆಯಲ್ಲಿಯೂ ಫಲಿಸಲಿಲ್ಲ. ದಕ್ಷಿಣ ಆಫ್ರಿಕದಲ್ಲಿ ಸಂಪಾದನೆ ಕೈಗೂಡಿದ ಮೇಲೆ ಉಳಿಸಿದ್ದನ್ನೆಲ್ಲ ಅಣ್ಣನಿಗೆ ಕಳಿಸಿದರು. ಆಮೇಲೆ ಒಂದು ದಿನ, ಇನ್ನು ಮು೦ದೆ ಉಳಿಯುವುದೆಲ್ಲ ಸಮುದಾಯಕ್ಕೆ, ನನ್ನಿಂದ ಏನನ್ನೂ ನಿರೀಕ್ಷಿಸಬೇಡಿ ಎಂದು ಬರೆದರು. ಅಣ್ಣನಿಗೆ ಕಹಿಯಾಯಿತು, ಕೊನೆಗಾಲದಲ್ಲಿ ಮಾತ್ರ ಮನಸ್ಸು ತಿಳಿಯಾಯಿತು. ಇಲ್ಲಿ ಮೂರು ಋಣಗಳಿವೆ. ಜಾತಿಯ ಸೇಠರು ಹೇರಿದ್ದನ್ನು ಹುಡುಗ ತಳ್ಳಿದ. ತಾಯಿಯದನ್ನು ಅಕ್ಷರಶಃ ಸಲ್ಲಿಸಿದ. ಅಣ್ಣನದನ್ನು ಸಲ್ಲಿಸುವಷ್ಟು ಸಲ್ಲಿಸಿ, ಆಮೇಲೆ ಅದನ್ನು ಹಿಗ್ಗಿಸಿ ಸಮಾಜದ ಋಣವನ್ನಾಗಿ ಮಾಡಿಕೊಂಡ.

ಋಣದ ಈ ಲೆಕ್ಕ ಮನೆಯಿಂದ ಸಂಸ್ಥೆಗಳ ಕೈಗೆ ಹೋದ ಕಾಲವೂ ಅದೇ. ೧೮೯೨ರಲ್ಲಿ ಜಮಶೇಟಜಿ ಟಾಟಾ ಅವರು ವಿದೇಶದ ಉನ್ನತ ವ್ಯಾಸಂಗಕ್ಕೆ ನಿಧಿಯೊಂದನ್ನು ಸ್ಥಾಪಿಸಿದಾಗ ಅದನ್ನು ದಾನವೆಂದು ಕೊಡದೆ ಸಾಲವೆಂದು ಕೊಟ್ಟರು. ಒಬ್ಬ ತೀರಿಸಿದ ಹಣ ಮುಂದಿನವನಿಗೆ ಟಿಕೆಟ್ಟಾಗಬೇಕೆಂಬುದು ಅದರ ತಿರುಳು. ತುಮಕೂರಿನಲ್ಲಿ ಹುಟ್ಟಿ ಮುಂದೆ ಅಣುವಿಜ್ಞಾನಿಯೆಂದು ಹೆಸರಾದ ರಾಜಾ ರಾಮಣ್ಣನವರು ೧೯೪೫ರಲ್ಲಿ ಲಂಡನ್ನಿಗೆ ಹೋದದ್ದು ಈ ನಿಧಿಯ ನೆರವಿನಿಂದಲೇ.

ಸಂಸ್ಥೆಯ ಒಪ್ಪಂದಕ್ಕೆ ಇನ್ನೊಂದು ಮುಖವೂ ಉಂಟು. ೧೯೧೩ರಲ್ಲಿ ಬಡೋದೆಯ ಮಹಾರಾಜರ ವಿದ್ಯಾರ್ಥಿವೇತನದ ಮೇಲೆ ಭೀಮರಾವ್ ಅಂಬೇಡ್ಕರರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೊರಟರು. ಅವರು ಪದವೀಧರರು, ಅದೇ ವರ್ಷದ ಮೊದಲಲ್ಲಿ ತಂದೆಯನ್ನು ಕಳೆದುಕೊಂಡಿದ್ದವರು. ಮರಳಿದ ಮೇಲೆ ಹತ್ತು ವರ್ಷ ಸಂಸ್ಥಾನದ ಸೇವೆ ಮಾಡುವೆನೆಂದು ಪತ್ರಕ್ಕೆ ಸಹಿ ಹಾಕಿದ್ದರು. ಕೊಟ್ಟ ಮಾತಿನಂತೆ ೧೯೧೭ರಲ್ಲಿ ಬಡೋದೆಗೆ ಬಂದರು. ಕೊಲಂಬಿಯಾದ ಪಂಡಿತನಿಗೆ ಆ ಊರಿನಲ್ಲಿ ಇರಲು ಒಂದು ಕೋಣೆ ಸಿಗಲಿಲ್ಲ. ಜಾತಿ ಮರೆಸಿ ಇಳಿದುಕೊಂಡಿದ್ದ ಪಾರಸಿ ವಸತಿಗೃಹದಿಂದ ದೊಣ್ಣೆ ಹಿಡಿದು ಬಂದವರು ಹೊರಹಾಕಿದರು. ಸಾಲಗಾರ ಸಲ್ಲಿಸಲು ಬಂದಾಗ, ಸಾಲ ಕೊಟ್ಟ ನೆಲವೇ ಅವನನ್ನು ಹೊರಗೆ ನಿಲ್ಲಿಸಿತು. ಹೊರಟವರು ಮರಳಲಿಲ್ಲವೆಂದು ನಾವು ದೂರುತ್ತೇವೆ. ಮರಳಿದವರನ್ನು ಬರಮಾಡಿಕೊಳ್ಳಲು ನಾವು ಸಿದ್ಧರಿದ್ದೆವೇ ಎಂದು ಕೇಳಿಕೊಳ್ಳುವುದು ಕಡಿಮೆ.

ನಮ್ಮ ಸಾಹಿತ್ಯಕ್ಕೆ ಈ ಸಿದ್ಧತೆಯ ದಿನಗಳಿಂದ ದೊರೆತ ಒಂದು ಫಲವನ್ನು ಇಲ್ಲಿ ನೆನೆಯಬೇಕು. ಧಾರವಾಡದಲ್ಲಿ ಓದಿದ ಗಿರೀಶ ಕಾರ್ನಾಡರು ೧೯೬೦ರಲ್ಲಿ ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿಗೆ ಹೊರಡುವವರಿದ್ದರು. ಪದವಿ ಮುಗಿಸಿದ ತರುಣ. ಇಂಗ್ಲಿಷಿನಲ್ಲಿ ಕವಿಯಾಗುವ ಕನಸು. ಮನೆಯಲ್ಲಿ ಆತಂಕ: ಹುಡುಗ ಮರಳುವನೇ, ಅಲ್ಲಿಯೇ ನೆಲಸಿಬಿಡುವನೇ, ಅಲ್ಲಿಯವಳನ್ನೇ ಮದುವೆಯಾದರೆ ಏನು ಗತಿ? ಆ ಒತ್ತಡದ ನಡುವೆ, ಪಯಣದ ಸಿದ್ಧತೆಯ ದಿನಗಳಲ್ಲಿಯೇ, ತಾವು ನಿರೀಕ್ಷಿಸಿರದ ಕನ್ನಡದಲ್ಲಿ, ನಿರೀಕ್ಷಿಸಿರದ ಪುರಾಣವೊಂದನ್ನು ಹಿಡಿದು ನಾಟಕ ಬರೆದರು. ತಂದೆಯ ಮುಪ್ಪನ್ನು ಮಗ ಹೊರುವ ಆ ‘ಯಯಾತಿ’ ೧೯೬೧ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಪ್ರಕಟವಾಯಿತು. ತಮ್ಮ ಭವಿಷ್ಯವನ್ನು ಹಿರಿಯರಿಗಾಗಿ ಬಿಟ್ಟುಕೊಡಬೇಕೆಂಬ ಬೇಡಿಕೆಯ ಮೇಲಿನ ಸಿಟ್ಟು ಆ ನಾಟಕದ ಹಿಂದಿತ್ತೆಂದು ಕಾರ್ನಾಡರೇ ಹೇಳಿದ್ದಾರೆ. ಗಾಂಧಿಯವರ ಕಥೆಯಲ್ಲಿ ಕಾಣುವುದು ಋಣದ ಗೌರವ. ಇಲ್ಲಿ ಕಾಣುವುದು ಋಣದ ಭಾರ. ಎರಡೂ ಸತ್ಯ. ಕಾರ್ನಾಡರು ಹೋದರು, ಮರಳಿಯೂ ಬಂದರು. ಕನ್ನಡ ಅವರನ್ನು ಹೊರಡುವ ಮೊದಲೇ ಹಿಡಿದುಕೊಂಡಿತ್ತು.

ಇಂದು ಬಹಿಷ್ಕಾರದ ಸೇಠರು ಇಲ್ಲ. ಬಂದರಿಗೆ ಹೋದವರಿಗೆ ದಂಡವಿಲ್ಲ. ಮೂರು ವಾರದ ಪಯಣ ಒಂದು ದಿನಕ್ಕೆ ಇಳಿದಿದೆ. ಸಂಜೆ ಕುಳಿತು ಮುಖ ನೋಡಿ ಮಾತಾಡಬಹುದು. ಆದರೂ ಮನೆಯ ಪತ್ರವನ್ನು ಬ್ಯಾಂಕಿನಲ್ಲಿ ಇರಿಸಿ ಸಹಿ ಹಾಕುವ ತಂದೆ, ಒಡವೆಯನ್ನು ಮಾರುವ ತಾಯಿ, ತನ್ನ ಓದನ್ನು ಕೊಂಚ ತಡೆಹಿಡಿಯುವ ತಂಗಿ, ಇವರು ಇದ್ದೇ ಇದ್ದಾರೆ. ಹೊರಡುವ ಮಕ್ಕಳಿಗೆ ನಾವು ಬೇಕಾದ ಉಪದೇಶವನ್ನೆಲ್ಲ ಹೇಳುತ್ತೇವೆ. ಈ ಒಪ್ಪಂದದ ಮಾತನ್ನು ಮಾತ್ರ ಎತ್ತದೆ ಒಳಗೊಳಗೇ ಇರಿಸಿಕೊಳ್ಳುತ್ತೇವೆ. ಹೇಳದೆ ಉಳಿದ ನಿರೀಕ್ಷೆ ಮುಂದೆ ಎರಡೂ ಕಡೆಗೆ ಕಹಿಯಾಗುತ್ತದೆಂಬುದಕ್ಕೆ ಲಕ್ಷ್ಮೀದಾಸರ ಕಥೆಯೇ ಸಾಕ್ಷಿ.

ಆದುದರಿಂದ ಪೆಟ್ಟಿಗೆ ಕಟ್ಟುವ ಮೊದಲು ಒಂದು ಸಂಜೆ ಮನೆಯವರೆಲ್ಲ ಕುಳಿತು ಮಾತಾಡುವುದು ಲೇಸು. ಯಾರು ಏನು ಕೊಡುತ್ತಿದ್ದಾರೆ, ಏನನ್ನು ನಿರೀಕ್ಷಿಸುತ್ತಾರೆ, ಯಾವುದನ್ನು ನಿರೀಕ್ಷಿಸಬಾರದು ಎಂಬುದನ್ನು ಬಾಯಿಬಿಟ್ಟು ಹೇಳಿಕೊಳ್ಳಬೇಕು. ಯಾವ ಋಣವನ್ನು ತಳ್ಳಬೇಕು, ಯಾವುದನ್ನು ಸಲ್ಲಿಸಬೇಕು, ಯಾವುದನ್ನು ಹಿಗ್ಗಿಸಿ ಊರಿನ ಋಣವಾಗಿಸಿಕೊಳ್ಳಬೇಕು ಎಂಬ ವಿವೇಕ ಹದಿನೆಂಟರ ವಯಸ್ಸಿನಲ್ಲಿ ಪೂರ್ತಿ ಬಂದುಬಿಡುವುದಿಲ್ಲ. ಆದರೆ ಆ ಪ್ರಶ್ನೆಯನ್ನು ಜೊತೆಗೆ ಕೊಂಡೊಯ್ಯಲು ಹದಿನೆಂಟು ಸಾಕಾದ ವಯಸ್ಸು. ಅದಕ್ಕೆ ತೂಕವಿಲ್ಲ, ಸುಂಕದ ಕಟ್ಟೆಯಲ್ಲಿ ಯಾರೂ ಬಿಚ್ಚಿ ನೋಡುವುದಿಲ್ಲ, ಯಾವ ಋತುವಿಗೂ ಅದು ಹೊಂದುತ್ತದೆ.